ಬ್ರಾಯ್ಲರ್ ಕೋಳಿಗಳ ಆಹಾರದಲ್ಲಿ ಔಷಧವೂ ನಮ್ಮ ಅರಿಷಿಣವೂ

ಕೃಷ್ಣಾತೀರದ ರಬಕವಿ, ಬನಹಟ್ಟಿ, ತೇರದಾಳ, ಮಹಾಲಿಂಗಪುರಗಳ ಸುತ್ತಲಿನ ಒಕ್ಕಲುತನವು ಕಬ್ಬು, ಗೋವಿನಜೋಳ, ಅರಿಷಿಣಗಳಿಂದ ಹೆಸರಾದದ್ದು. ಈ ಬೆಳೆಗಳ ನಡುವೆ, ಹೊಲದ ಮಗ್ಗುಲಲ್ಲಿ ತಗಡಿನ ಹೊದಿಕೆಯ ಉದ್ದನೆಯ ಶೆಡ್ಡುಗಳನ್ನು ಕಟ್ಟಿಸಿ ಮಾಂಸದ ಕೋಳಿಗಳನ್ನು, ಅಂದರೆ ಬ್ರಾಯ್ಲರುಗಳನ್ನು, ಸಾಕುವ ಉದ್ಯೋಗವೂ ನಮ್ಮ ಪ್ರಾಂತದಲ್ಲಿ ಬೇರೂರಿದೆ. ಇದು ಆರು ವಾರಗಳಲ್ಲಿ ಫಲ ಕೊಡುವ ಉದ್ಯೋಗವಾದ್ದರಿಂದ ವರುಷಕ್ಕೊಮ್ಮೆ ಹಣ ಕಾಣುವ ಕಬ್ಬಿನ ಒಕ್ಕಲಿಗನಿಗೆ ಇದರಲ್ಲಿ ಆಸಕ್ತಿ ಹುಟ್ಟುವದು ಸಹಜವೇ ಆಗಿದೆ. ಉದ್ಯೋಗದ ಲಾಭನಷ್ಟಗಳನ್ನು ಕುರಿತು ಈ ಪುಟಗಳಲ್ಲಿ ಹಲವರು ಬರೆಯುವರು. ನಾನು ಬರೆಯಬೇಕೆಂದಿರುವದು ಆ ಕೋಳಿಗಳ ಮೇವಿನ ಚೀಲದಲ್ಲಿ ಬೆರೆತು ಬರುವ, ಕಣ್ಣಿಗೆ ಕಾಣದ ಒಂದು ಪದಾರ್ಥವನ್ನು ಕುರಿತು. ಗ್ರಾಮದ ಮುಖಂಡರೂ ಭೂಮಾಲಿಕರೂ ಇದನ್ನು ಕೋಳಿಯವರ ಕೆಲಸವೆಂದು ಬದಿಗಿಡಬಾರದೆಂದು ನನ್ನ ಬಿನ್ನಹ. ಏಕೆಂದರೆ ಆ ಪದಾರ್ಥವು ಕೋಳಿಯ ಹೊಟ್ಟೆಯಲ್ಲಿ ನಿಲ್ಲುವದಿಲ್ಲ, ಗೊಬ್ಬರದ ಗಾಡಿಯನ್ನೇರಿ ತಮ್ಮ ಹೊಲಕ್ಕೂ ಬರುವದು.

ಆಂಟಿಬಯೋಟಿಕ್ ಎಂಬ ಔಷಧಗಳು ಈಗ ಹಳ್ಳಿಯ ಮನೆಮನೆಗೂ ಪರಿಚಿತವಾಗಿವೆ. ರೋಗ ತರುವ ಸೂಕ್ಷ್ಮಜಂತುಗಳನ್ನು ಕೊಲ್ಲುವ ಅಥವಾ ಬೆಳೆಯಗೊಡದ ಔಷಧಗಳಿವು. ೧೯೨೮ರಲ್ಲಿ ಅಲೆಕ್ಸಾಂಡರ್ ಫ್ಲೆಮಿಂಗರು ಪೆನಿಸಿಲಿನ್ನಿನ ಗುಣವನ್ನು ಕಂಡುಹಿಡಿದಂದಿನಿಂದ ಇವು ಉಳಿಸಿದ ಜೀವಗಳಿಗೆ ಲೆಕ್ಕವಿಲ್ಲ. ಆದರೆ ಕೋಳಿಯ ಮೇವಿನಲ್ಲಿ ಇವು ಬಂದು ಸೇರಿದ್ದು ರೋಗಕ್ಕಾಗಿ ಅಲ್ಲ. ೧೯೪೦ರ ದಶಕದ ಕೊನೆಯಲ್ಲಿ ಅಮೇರಿಕದ ಲೆಡರ್ಲಿ ಪ್ರಯೋಗಶಾಲೆಯಲ್ಲಿ ಸ್ಟೋಕ್‌ಸ್ಟಾಡ್ ಮತ್ತು ಜ್ಯೂಕ್ಸ್ ಎಂಬ ಇಬ್ಬರು ಪಂಡಿತರು ಕೋಳಿಮರಿಗಳಿಗೆ ಅಗ್ಗದ ಜೀವಸತ್ವವನ್ನು ಹುಡುಕುತ್ತಿದ್ದರು. ಆರಿಯೋಮೈಸಿನ್ ಎಂಬ ಔಷಧವನ್ನು ತೆಗೆದ ಬಳಿಕ ಉಳಿಯುವ ಚರಟವನ್ನು ಮರಿಗಳಿಗೆ ತಿನ್ನಿಸಲು ಅವು ನಿರೀಕ್ಷೆಗಿಂತಲೂ ವೇಗವಾಗಿ ಬೆಳೆದವು. ಚರಟದಲ್ಲಿ ಉಳಿದಿದ್ದ ಔಷಧದ ಅಂಶವೇ ಇದಕ್ಕೆ ಕಾರಣವೆಂದು ೧೯೫೦ರಲ್ಲಿ ಪ್ರಕಟವಾಯಿತು. ಅಂದಿನಿಂದ ರೋಗವಿಲ್ಲದ ಕೋಳಿಗೂ ಹಂದಿಗೂ ಕರುವಿಗೂ ದಿನಾಲೂ ಚಿಟಿಕೆ ಔಷಧವನ್ನು ಮೇವಿನಲ್ಲಿ ಕೊಡುವ ಪದ್ಧತಿಯು ಜಗತ್ತಿನಲ್ಲೆಲ್ಲ ಹಬ್ಬಿತು.

ಈ ಚಿಟಿಕೆಯೇ ಕೇಡಿನ ಮೂಲವು. ರೋಗ ಬಂದಾಗ ತಕ್ಕ ಪ್ರಮಾಣದಲ್ಲಿ ತಕ್ಕಷ್ಟು ದಿವಸ ಔಷಧ ಕೊಟ್ಟರೆ ಜಂತುಗಳು ಸಾಯುವವು. ಸಾಯದಷ್ಟು ಅಲ್ಪ ಪ್ರಮಾಣದಲ್ಲಿ ದಿನಾಲೂ ಕೊಟ್ಟರೆ ದುರ್ಬಲವಾದವು ಸತ್ತು ಔಷಧವನ್ನು ಜೀರ್ಣಿಸಿಕೊಳ್ಳಬಲ್ಲವು ಉಳಿದು ಸಂತಾನ ಬೆಳೆಸುವವು. ಕಸ ತೆಗೆಯುವಾಗ ಕರಿಕೆಯ ಬೇರನ್ನು ಹರಿದು ಹರಿದು ಹೊಲದ ತುಂಬ ಹಬ್ಬಿಸಿದವನ ಗತಿಯನ್ನು ಒಕ್ಕಲಿಗರಿಗೆ ನಾನು ವಿವರಿಸಬೇಕಾಗಿಲ್ಲ. ಈ ಜಂತುಗಳಲ್ಲಿ ಇನ್ನೊಂದು ವಿಚಿತ್ರವುಂಟು: ಔಷಧವನ್ನು ತಡೆಯುವ ಶಕ್ತಿಯನ್ನು ಅವು ತಮ್ಮ ಮಕ್ಕಳಿಗೆ ಮಾತ್ರವಲ್ಲ, ನೆರೆಯ ಬೇರೆ ಜಾತಿಯ ಜಂತುಗಳಿಗೂ ದಾನಮಾಡಬಲ್ಲವು. ಕೋಳಿಯ ಕರುಳಿನಲ್ಲಿ ಕಲಿತ ವಿದ್ಯೆಯು ಮನುಷ್ಯನ ಕರುಳಿನ ಜಂತುವಿಗೆ ಮುಟ್ಟುವದು ಹೀಗೆ. ಅರೆಪ್ರಮಾಣದ ಔಷಧದಿಂದ ಜಂತುಗಳು ಬಲಿಯುವವೆಂದು ಸ್ವತಃ ಫ್ಲೆಮಿಂಗರೇ ೧೯೪೫ರ ತಮ್ಮ ನೊಬೆಲ್ ಭಾಷಣದಲ್ಲಿ ಎಚ್ಚರಿಸಿದ್ದರು. ೨೦೧೯ನೆಯ ಒಂದು ವರುಷದಲ್ಲಿ ಔಷಧಕ್ಕೆ ಮಣಿಯದ ಜಂತುಗಳಿಂದಲೇ ಜಗತ್ತಿನಲ್ಲಿ ಸುಮಾರು ೧೨ ಲಕ್ಷ ೭೦ ಸಾವಿರ ಜನರು ಮಡಿದರೆಂದು ಅಂತರರಾಷ್ಟ್ರೀಯ ಪಂಡಿತರ ಅಂದಾಜು ೨೦೨೨ರಲ್ಲಿ ಪ್ರಕಟವಾಗಿದೆ. ಈ ಸಾವುಗಳಿಗೆಲ್ಲ ಕೋಳಿಯ ಮೇವೇ ಕಾರಣವೆಂದು ಹೇಳುವದು ಅನ್ಯಾಯವಾದೀತು. ಮನುಷ್ಯರೇ ವೈದ್ಯರನ್ನು ಕೇಳದೆ ನುಂಗುವ ಗುಳಿಗೆಗಳ ಪಾಲೂ ಅದರಲ್ಲಿ ದೊಡ್ಡದು. ಆದರೆ ಮೇವಿನ ಪಾಲು ಅನಾವಶ್ಯಕವಾದದ್ದೆಂಬದೇ ನನ್ನ ಆಕ್ಷೇಪಣೆಯು.

ಅನಾವಶ್ಯಕವೆಂಬ ಮಾತನ್ನು ನಾನು ಹಗುರಾಗಿ ಆಡಿದ್ದಲ್ಲ. ಸ್ವೀಡನ್ ದೇಶವು ೧೯೮೬ರಲ್ಲಿಯೇ ಬೆಳವಣಿಗೆಗಾಗಿ ಮೇವಿನಲ್ಲಿ ಆಂಟಿಬಯೋಟಿಕ್ ಬೆರೆಸುವದನ್ನು ನಿಷೇಧಿಸಿತು. ಡೆನ್ಮಾರ್ಕ್ ದೇಶದ ಕೋಳಿ ಸಾಕುವವರು ೧೯೯೮ರಲ್ಲಿ ತಾವಾಗಿಯೇ ಅದನ್ನು ಬಿಟ್ಟುಕೊಟ್ಟರು. ಯುರೋಪಿನ ಒಕ್ಕೂಟವೆಲ್ಲ ೨೦೦೬ನೆಯ ಜನವರಿ ೧ರಿಂದ ಇದನ್ನು ನಿಲ್ಲಿಸಿತು. ಅಮೇರಿಕವು ಮನುಷ್ಯರ ಚಿಕಿತ್ಸೆಗೆ ಮುಖ್ಯವಾದ ಔಷಧಗಳ ಮಟ್ಟಿಗೆ ೨೦೧೭ರಲ್ಲಿ ಇದೇ ಹಾದಿ ಹಿಡಿಯಿತು. ಇವರಲ್ಲಿ ಡೆನ್ಮಾರ್ಕಿನವರು ಇಟ್ಟ ಲೆಕ್ಕವನ್ನು ನಾವು ಗಮನಿಸಬೇಕು. ಔಷಧ ಬಿಟ್ಟ ಬಳಿಕ ಅಲ್ಲಿಯ ಶೆಡ್ಡುಗಳಲ್ಲಿ ಕೋಳಿಗಳ ಸಾವು ಹೆಚ್ಚಲಿಲ್ಲ. ಜಾಗದ ಮಾನದಿಂದ ಬರುವ ಮಾಂಸದ ತೂಕವೂ ಇಳಿಯಲಿಲ್ಲ. ಒಂದು ಕಿಲೋ ತೂಕ ಬರಲು ತಿನ್ನುವ ಮೇವು ಮಾತ್ರ ಸುಮಾರು ೧೬ ಗ್ರಾಂ ಹೆಚ್ಚಾಯಿತು. ಎರಡು ಕಿಲೋ ತೂಗುವ ಸಾವಿರ ಕೋಳಿಗಳಿಗೆ ಈ ಲೆಕ್ಕ ಹಾಕಿದರೆ ಹೆಚ್ಚಿಗೆ ಬೇಕಾಗುವ ಮೇವು ೩೨ ಕಿಲೋ, ಎಂದರೆ ೫೦ ಕಿಲೋದ ಒಂದು ಚೀಲವೂ ತುಂಬದು. ಅದರ ಎದುರಿಗೆ ಔಷಧಕ್ಕೆ ಕೊಡುತ್ತಿದ್ದ ಹಣದ ಉಳಿತಾಯವನ್ನು ಇಟ್ಟರೆ ನಷ್ಟವೆಂಬದು ಎಷ್ಟು ಉಳಿಯಿತು? ಡೆನ್ಮಾರ್ಕಿನ ಹವೆ ತಂಪಾದದ್ದು, ಅಲ್ಲಿಯ ಶೆಡ್ಡುಗಳು ಶುಚಿಯಾದವು, ನಮ್ಮ ಬೇಸಿಗೆಯ ಧಗೆ ಅವರಿಗೆ ಗೊತ್ತಿಲ್ಲ ಎಂದು ಯಾರಾದರೂ ವಾದಿಸಿದರೆ ಆ ವಾದದಲ್ಲಿ ಹುರುಳಿದೆಯೆಂದು ನಾನೂ ಒಪ್ಪುವೆನು. ಆದರೆ ಹಾಗೆ ವಾದಿಸಿದವರು, ತಮಗರಿವಿಲ್ಲದೆಯೇ, ಔಷಧವು ತುಂಬುತ್ತಿರುವದು ಶುಚಿಯಿಲ್ಲದ ಶೆಡ್ಡಿನ ಕೊರತೆಯನ್ನೆಂದು ಒಪ್ಪಿಕೊಂಡಂತಾಯಿತು.

ನಮ್ಮ ದೇಶದ ಸ್ಥಿತಿಯೇನು? ೨೦೧೪ರಲ್ಲಿ ದಿಲ್ಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರವು ದಿಲ್ಲಿ ಹಾಗೂ ಸುತ್ತಲಿನ ಪಟ್ಟಣಗಳ ಪೇಟೆಗಳಿಂದ ೭೦ ಕೋಳಿಮಾಂಸದ ಮಾದರಿಗಳನ್ನು ಕೊಂಡು ಪರೀಕ್ಷಿಸಿತು. ೨೮ರಲ್ಲಿ ಆಂಟಿಬಯೋಟಿಕ್‌ಗಳ ಶೇಷವು ಕಂಡಿತು. ಪಂಜಾಬದ ೧೮ ಕೋಳಿಸಾಕಣೆಗಳಲ್ಲಿ ನಡೆದ ಶೋಧನೆಯು ೨೦೧೭ರಲ್ಲಿ ಪ್ರಕಟವಾಯಿತು. ಮುಖ್ಯವಾದ ಹಲವು ಔಷಧಗಳನ್ನು ನಿಷ್ಫಲಗೊಳಿಸುವ ಜಂತುಗಳು ಅಲ್ಲಿ ಮೊಟ್ಟೆಯ ಕೋಳಿಗಳಲ್ಲಿ ಶೇಕಡಾ ೪೨ರಷ್ಟು, ಮಾಂಸದ ಕೋಳಿಗಳಲ್ಲಿ ಶೇಕಡಾ ೮೭ರಷ್ಟು ಕಂಡುಬಂದವು. ಒಂದೇ ನಾಡಿನ ಎರಡು ಬಗೆಯ ಕೋಳಿಗಳಲ್ಲಿ ಇಷ್ಟು ಅಂತರವಿರುವಾಗ ದೋಷವನ್ನು ಹವೆಯ ಮೇಲಾಗಲಿ ನೀರಿನ ಮೇಲಾಗಲಿ ಹೊರಿಸುವದು ಕಷ್ಟ. ಕೊಲಿಸ್ಟಿನ್ ಎಂಬ ಔಷಧದ ಕಥೆಯು ಇದಕ್ಕಿಂತಲೂ ಗಂಭೀರವಾದದ್ದು. ಬೇರೆಲ್ಲ ಔಷಧಗಳು ಸೋತಾಗ ದೊಡ್ಡ ಆಸ್ಪತ್ರೆಯ ವೈದ್ಯರು ಕೊನೆಯ ಆಧಾರವೆಂದು ಕೈಗೆತ್ತಿಕೊಳ್ಳುವ ಔಷಧವಿದು. ಇದೇ ಔಷಧವನ್ನು ನಮ್ಮಲ್ಲಿ ಕೋಳಿ ಬೇಗ ಕೊಬ್ಬಲೆಂದು ಮೇವಿನಲ್ಲಿ ಬೆರೆಸುತ್ತಿದ್ದರು! ಇದನ್ನು ತಡೆಯುವ ಶಕ್ತಿಯು ಒಂದು ಜಂತುವಿನಿಂದ ಇನ್ನೊಂದಕ್ಕೆ ದಾಟುವದನ್ನು ೨೦೧೫ರಲ್ಲಿ ಚೀನದ ಪಂಡಿತರು ಪ್ರಾಣಿಗಳಲ್ಲಿ, ಮಾಂಸದಲ್ಲಿ, ಮನುಷ್ಯರಲ್ಲಿ ಕಂಡು ಪ್ರಕಟಿಸಿದರು. ಭಾರತ ಸರಕಾರವು ೨೦೧೯ನೆಯ ಜುಲೈ ತಿಂಗಳಲ್ಲಿ ಆಹಾರಕ್ಕಾಗಿ ಸಾಕುವ ಪ್ರಾಣಿಗಳಿಗೂ ಅವುಗಳ ಮೇವಿಗೂ ಕೊಲಿಸ್ಟಿನ್ ತಯಾರಿಸುವದನ್ನೂ ಮಾರುವದನ್ನೂ ನಿಷೇಧಿಸಿತು. ಮಾಂಸ, ಹಾಲು, ಮೊಟ್ಟೆ, ಮೀನುಗಳ ಉತ್ಪಾದನೆಯಲ್ಲಿ ಬಳಸಕೂಡದ ಔಷಧಗಳ ಪಟ್ಟಿಯನ್ನು ಭಾರತೀಯ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರವು ಬೆಳೆಸಿದೆ. ಆ ನಿಯಮಗಳು ೨೦೨೫ನೆಯ ಏಪ್ರಿಲ್ ೧ರಿಂದ ಜಾರಿಗೆ ಬಂದಿವೆ. ಕಾಯಿದೆಯು ಕಾಗದದ ಮೇಲೆ ಬಂದಿತು. ಶೆಡ್ಡಿನ ಒಳಗೆ ಅದನ್ನು ಕೊಂಡೊಯ್ಯುವದು ಗ್ರಾಮದ ಹಿರಿಯರಿಂದ ಮಾತ್ರ ಆಗತಕ್ಕ ಕೆಲಸ.

ಭೂಮಾಲಿಕರ ಸ್ವಂತ ಹಿತದ ಮಾತನ್ನು ಇಲ್ಲಿಯೇ ಹೇಳಿಬಿಡುವೆನು. ಬ್ರಾಯ್ಲರ್ ಶೆಡ್ಡಿನ ಹಾಸು ಬಲು ಸತ್ವದ ಗೊಬ್ಬರವೆಂದು ಕಬ್ಬಿಗೂ ಅರಿಷಿಣಕ್ಕೂ ಕೊಂಡು ಹಾಕುವವರು ನಮ್ಮಲ್ಲಿ ಅನೇಕರಿದ್ದಾರೆ. ಕೋಳಿಯು ತಿಂದ ಔಷಧವೆಲ್ಲ ಅದರ ದೇಹದಲ್ಲಿ ಕರಗುವದಿಲ್ಲ. ಟೆಟ್ರಾಸೈಕ್ಲಿನ್ ಮೊದಲಾದವುಗಳ ಬಹುಭಾಗವು ಹಿಕ್ಕೆಯಲ್ಲಿ ಇದ್ದಂತೆಯೇ ಹೊರಬೀಳುವದು, ಅದರೊಂದಿಗೆ ಬಲಿತ ಜಂತುಗಳೂ ಬೀಳುವವು. ಹಸಿಯ ಹಾಸನ್ನು ಹೊಲಕ್ಕೆ ಹರಡಿ ಮರುದಿವಸ ನೀರು ಬಿಟ್ಟರೆ ಅದು ಎಲ್ಲಿಗೆ ಹೋಗುವದು? ಬಾವಿಗೆ, ಹಳ್ಳಕ್ಕೆ, ಕೊನೆಗೆ ಹೊಳೆಗೆ. ಮಣ್ಣಿನಲ್ಲಿ ದುಡಿಯುವ ಹೆಣ್ಣಾಳುಗಳ ಕಾಲಿನ ಬಿರುಕಿಗೆ ಮೊದಲು ತಗಲುವದು ಇದೇ. ಹಾಸನ್ನು ಕುಪ್ಪೆ ಹಾಕಿ ನೀರು ಚಿಮುಕಿಸಿ, ಒಳಗೆ ಕಾವು ಏರಗೊಟ್ಟು ಕೊಳೆಸಿದರೆ ಔಷಧದ ಶೇಷವೂ ಜಂತುಗಳೂ ಬಹುಮಟ್ಟಿಗೆ ಕಡಿಮೆಯಾಗುವವು. ಪೂರ್ತಿ ಇಲ್ಲವಾಗುವವೆಂದು ಮಾತ್ರ ತಿಳಿಯಬಾರದು. ಮೇವಿನಲ್ಲಿಯೇ ಔಷಧವಿಲ್ಲದಿದ್ದರೆ ಈ ಚಿಂತೆಗೆ ಎಡೆಯೇ ಇರದು.

ಈಗ ಔಷಧದ ಬದಲಿಗೆ ಏನೆಂಬ ಪ್ರಶ್ನೆಗೆ ಬರೋಣ. ಇಲ್ಲಿ ನಮ್ಮ ಪ್ರಾಂತವು ಭಾಗ್ಯಶಾಲಿಯಾಗಿದೆ. ಅರಿಷಿಣವು ನಮ್ಮ ಹೊಲದ ಬೆಳೆ. ಅಕ್ಷಯ ತದಿಗೆಯ ಹೊತ್ತಿಗೆ ಬೀಜದ ಗಡ್ಡೆ ಊರಿ, ಸಂಕ್ರಾಂತಿಯ ಬಳಿಕ ಅಗೆದು, ಕುದಿಸಿ, ಒಣಗಿಸಿ, ಉಜ್ಜಿ ಸಾಂಗಲಿಯ ಪೇಟೆಗೆ ಸಾಗಿಸುವದು ಇಲ್ಲಿಯ ರೂಢಿ. ೧೯೪೮ರ ವರೆಗೆ ರಬಕವಿಯು ಸಾಂಗಲಿ ಸಂಸ್ಥಾನದಲ್ಲಿಯೂ ಬನಹಟ್ಟಿಯು ಜಮಖಂಡಿ ಸಂಸ್ಥಾನದಲ್ಲಿಯೂ ಇದ್ದವು. ಸಂಸ್ಥಾನಗಳು ಹೋದವು, ರಾಜ್ಯಗಳ ಗಡಿಗಳು ಬದಲಾದವು, ಅರಿಷಿಣದ ಗಾಡಿಯ ಹಾದಿ ಮಾತ್ರ ಬದಲಾಗಲಿಲ್ಲ. ಉಜ್ಜುವಾಗ ಮುರಿದ ಚೂರು, ಸಣ್ಣ ಬೆರಳು, ಆಕಾರವಿಲ್ಲದ ಗಡ್ಡೆ ಇವುಗಳಿಗೆ ಪೇಟೆಯಲ್ಲಿ ಒಳ್ಳೆಯ ಧಾರಣೆ ಸಿಕ್ಕದು. ಕೋಳಿಗೆ ಬೇಕಾದದ್ದು ಅರಿಷಿಣದ ಸತ್ವವೇ ಹೊರತು ಅದರ ರೂಪವಲ್ಲ.

ಅರಿಷಿಣದ ಹಳದಿಗೆ ಕಾರಣವಾದ ಕುರ್ಕುಮಿನ್ ಎಂಬ ಸತ್ವವು ಒಣ ಅರಿಷಿಣದಲ್ಲಿ ಸಾಮಾನ್ಯವಾಗಿ ನೂರಕ್ಕೆ ೨ ರಿಂದ ೫ ಪಾಲು ಇರುವದು. ಇದು ಉರಿಯೂತವನ್ನು ತಗ್ಗಿಸುವದು, ದೇಹದ ಕಣಗಳನ್ನು ಸವೆತದಿಂದ ಕಾಯುವದು, ಕೆಲವು ಜಂತುಗಳ ಬೆಳವಣಿಗೆಯನ್ನು ತಡೆಯುವದು. ಕೋಳಿಯ ಮೇವಿನಲ್ಲಿ ಕಿಲೋಕ್ಕೆ ೫ ಗ್ರಾಂ ಅರಿಷಿಣದ ಪುಡಿ ಬೆರೆಸಿ ಅನೇಕ ಕಡೆಗಳಲ್ಲಿ ಪ್ರಯೋಗಗಳಾಗಿವೆ. ಪ್ರಾಮಾಣಿಕವಾಗಿ ಹೇಳಬೇಕೆಂದರೆ ಫಲಗಳು ಒಂದೇ ತೆರನಾಗಿಲ್ಲ: ಕೆಲವರಿಗೆ ತೂಕ ಹೆಚ್ಚು ಬಂದಿತು, ಕೆಲವರಿಗೆ ವ್ಯತ್ಯಾಸವೇ ಕಾಣಲಿಲ್ಲ. ಅರಿಷಿಣದ ಜಾತಿ, ಅದರಲ್ಲಿಯ ಸತ್ವದ ಪ್ರಮಾಣ, ಶೆಡ್ಡಿನ ಶುಚಿತ್ವ, ಇವೆಲ್ಲ ಬೇರೆಬೇರೆಯಾಗಿರುವಾಗ ಇದು ಆಶ್ಚರ್ಯವಲ್ಲ. ಶುಚಿಯಾದ ಶೆಡ್ಡಿನಲ್ಲಿ ಆರೋಗ್ಯದಿಂದ ಬೆಳೆಯುವ ಕೋಳಿಗೆ ಯಾವ ಸೇರ್ಪಡೆಯಿಂದಲೂ ಹೆಚ್ಚಿನದೇನೂ ಆಗದು. ಆಂಟಿಬಯೋಟಿಕ್‌ಗೂ ಇದೇ ಮಾತು ಅನ್ವಯಿಸುವದು.

ಆದರೆ ಒಂದು ವಿಷಯದಲ್ಲಿ ಅರಿಷಿಣದ ಪರವಾದ ಸಾಕ್ಷ್ಯವು ನಮಗೆ ಹತ್ತಿರವಾದದ್ದಾಗಿದೆ. ಬ್ರಾಯ್ಲರ್ ಮೇವಿನಲ್ಲಿ ಅರ್ಧಕ್ಕಿಂತ ಹೆಚ್ಚು ಗೋವಿನಜೋಳವೇ ಇರುವದು. ಮುಂಗಾರಿಯ ಗೋವಿನಜೋಳವನ್ನು ಸರಿಯಾಗಿ ಒಣಗಿಸದೆ ಚೀಲ ಕಟ್ಟಿದರೆ ಅದಕ್ಕೆ ಬೂಜು ಹತ್ತುವದು. ಆ ಬೂಜಿನಿಂದ ಅಫ್ಲಾಟಾಕ್ಸಿನ್ ಎಂಬ ವಿಷವು ಹುಟ್ಟುವದು. ೧೯೬೦ರಲ್ಲಿ ಇಂಗ್ಲಂಡದಲ್ಲಿ ಬೂಜು ಹತ್ತಿದ ಶೇಂಗಾ ಹಿಂಡಿಯನ್ನು ತಿಂದು ಲಕ್ಷಕ್ಕೂ ಮಿಕ್ಕಿ ಟರ್ಕಿ ಕೋಳಿಗಳು ಸತ್ತಾಗಲೇ ಈ ವಿಷವು ಜಗತ್ತಿಗೆ ಗೊತ್ತಾದದ್ದು. ಇದು ಯಕೃತ್ತನ್ನು ಕೆಡಿಸುವದಲ್ಲದೆ ಕೋಳಿಯ ರೋಗನಿರೋಧಕ ಶಕ್ತಿಯನ್ನೂ ಕುಗ್ಗಿಸುವದು. ಆಗ ಬರುವ ಸಣ್ಣಪುಟ್ಟ ರೋಗಗಳಿಗೆಲ್ಲ ಸಾಕುವವನು ಔಷಧದ ಬಾಟಲಿಯನ್ನು ಹುಡುಕುವನು. ಬೆಂಗಳೂರಿನ ಆಡುಗೋಡಿಯಲ್ಲಿರುವ ರಾಷ್ಟ್ರೀಯ ಪಶು ಪೋಷಣೆ ಮತ್ತು ಶರೀರಕ್ರಿಯಾ ವಿಜ್ಞಾನ ಸಂಸ್ಥೆಯ ಎನ್. ಕೆ. ಎಸ್. ಗೌಡ ಎಂಬ ವಿಜ್ಞಾನಿಗಳು ಅಮೇರಿಕದ ಮಿಸ್ಸೂರಿ ವಿಶ್ವವಿದ್ಯಾಲಯದ ಪಂಡಿತರೊಡನೆ ಈ ಕುರಿತು ನಡೆಸಿದ ಪ್ರಯೋಗವು ೨೦೦೮ರಲ್ಲಿ ಪ್ರಕಟವಾಗಿದೆ. ಬ್ರಾಯ್ಲರ್ ಮರಿಗಳ ಮೇವಿನಲ್ಲಿ ಕಿಲೋಕ್ಕೆ ೧ ಮಿಲಿಗ್ರಾಂ ಅಫ್ಲಾಟಾಕ್ಸಿನ್ ಸೇರಿಸಿ, ಅದಕ್ಕೆ ೫ ಗ್ರಾಂ ಅರಿಷಿಣವನ್ನು ಕೂಡಿಸಿ ನೋಡಲಾಗಿ, ವಿಷದ ಕೇಡು ತಕ್ಕಮಟ್ಟಿಗೆ ತಗ್ಗಿತು. ಇದರಿಂದ ಬೂಜಿನ ಜೋಳವನ್ನು ಅರಿಷಿಣ ಹಾಕಿ ತಿನ್ನಿಸಬಹುದೆಂದು ಯಾರೂ ಅರ್ಥಮಾಡಬಾರದು. ಕಾಳನ್ನು ಹಲ್ಲಿಗೆ ಕಟಕೆನ್ನುವ ವರೆಗೆ ಒಣಗಿಸಿ ತೇವವಿಲ್ಲದ ಕೋಣೆಯಲ್ಲಿ ಹಲಗೆಯ ಮೇಲಿಡುವದೇ ಮೊದಲಿನ ಉಪಾಯವು; ಕಣ್ಣಿಗೆ ಕಾಣದಷ್ಟು ಉಳಿದ ವಿಷಕ್ಕೆ ಅರಿಷಿಣವು ಒಂದು ತಡೆ.

ಕುರ್ಕುಮಿನ್ನು ಹೊಟ್ಟೆಯಿಂದ ರಕ್ತಕ್ಕೆ ಸೇರುವದು ಬಲು ಕಡಿಮೆ. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನವರು ೧೯೯೮ರಲ್ಲಿ ಪ್ರಕಟಿಸಿದ ಶೋಧನೆಯಂತೆ ಅದರೊಡನೆ ಮೆಣಸಿನ ಪೈಪರಿನ್ ಎಂಬ ಸತ್ವವನ್ನು ಅತ್ಯಲ್ಪ ಕೊಟ್ಟರೂ ಮನುಷ್ಯರಲ್ಲಿ ಹೀರಿಕೆಯು ೨೦ ಪಟ್ಟು ಹೆಚ್ಚುವದು. ನಮ್ಮ ಅಜ್ಜಿಯರು ಕೆಮ್ಮಿಗೆ ಹಾಲಿನಲ್ಲಿ ಅರಿಷಿಣದೊಡನೆ ಎರಡು ಮೆಣಸಿನ ಕಾಳು ಜಜ್ಜಿ ಹಾಕುತ್ತಿದ್ದುದು ನೆನಪಿಗೆ ಬಾರದಿರದು. ಆದರೆ ಕೋಳಿಯಲ್ಲಿ ನಮಗೆ ಬೇಕಾದ ಕೆಲಸದ ದೊಡ್ಡ ಪಾಲು ಕರುಳಿನ ಒಳಗೇ ನಡೆಯತಕ್ಕದ್ದು. ರಕ್ತಕ್ಕೆ ಸೇರದಿದ್ದರೂ ಅಲ್ಲಿ ಅದು ನಿರುಪಯೋಗವಲ್ಲ. ಆದ್ದರಿಂದ ದುಬಾರಿಯ ಮೆಣಸನ್ನು ಕೊಳ್ಳಲು ನಾನು ಯಾರಿಗೂ ಹೇಳೆನು.

ಲೆಕ್ಕವು ಹೀಗಿದೆ. ಒಂದು ಬ್ರಾಯ್ಲರ್ ಕೋಳಿಯು ಎರಡು ಕಿಲೋ ತೂಗುವ ಹೊತ್ತಿಗೆ ಸುಮಾರು ಮೂರೂವರೆ ಕಿಲೋ ಮೇವನ್ನು ತಿನ್ನುವದೆಂದರೆ, ಅದಕ್ಕೆ ಬೇಕಾದ ಅರಿಷಿಣವು ೧೭-೧೮ ಗ್ರಾಂ. ಸಾವಿರ ಕೋಳಿಗಳಿಗೆ ಹದಿನೇಳೂವರೆ ಕಿಲೋ. ಪೇಟೆಯ ಮೊದಲ ದರ್ಜೆಯ ಮಾಲನ್ನು ಇದಕ್ಕೆ ಉಪಯೋಗಿಸಿದರೆ ಖರ್ಚು ಮೈಮೇಲೆ ಬರುವದು. ಮನೆಯ ಚೂರಿನಿಂದಾದರೆ ಸಾಗುವದು. ೫೦ ಕಿಲೋದ ಚೀಲಕ್ಕೆ ೨೫೦ ಗ್ರಾಂ ಪುಡಿಯನ್ನು ಮೊದಲು ಎರಡು ಕಿಲೋ ನುಚ್ಚಿನಲ್ಲಿ ಚೆನ್ನಾಗಿ ಕಲಸಿ, ಆಮೇಲೆ ಉಳಿದ ಮೇವಿಗೆ ಹರಡಿ ಬೆರೆಸತಕ್ಕದ್ದು. ನೇರವಾಗಿ ಸುರಿದರೆ ಒಂದು ಕೋಳಿಗೆ ಹೆಚ್ಚು, ಇನ್ನೊಂದಕ್ಕೆ ಏನೂ ಇಲ್ಲ. ಹೆಚ್ಚು ಹಾಕಿದರೆ ಹೆಚ್ಚು ಫಲವೆಂಬ ನಂಬಿಕೆಯನ್ನು ಬಿಡಬೇಕು. ಪೇಟೆಯಿಂದ ಪುಡಿಯನ್ನು ಮಾತ್ರ ಎಂದೂ ಕೊಳ್ಳಬಾರದು. ಹೊಳಪಿಗಾಗಿ ಸೀಸದ ಕ್ರೋಮೇಟ್ ಎಂಬ ಹಳದಿ ಬಣ್ಣವನ್ನು ಅರಿಷಿಣಕ್ಕೆ ಬೆರೆಸುವ ದುಷ್ಟ ಪದ್ಧತಿಯು ಬಾಂಗ್ಲಾದೇಶದಲ್ಲಿ ೨೦೧೯ರಲ್ಲಿ ಬಯಲಿಗೆ ಬಂದಿತು. ಔಷಧವನ್ನು ಓಡಿಸಲು ಹೋಗಿ ಸೀಸವನ್ನು ಕರೆತರುವದು ಯಾರಿಗೂ ಬೇಡ.

ಇತರ ಪದಾರ್ಥಗಳನ್ನು ಕುರಿತು ಸಂಕ್ಷೇಪವಾಗಿ ಹೇಳುವೆನು. ಅಜಿವಾನದ ಎಣ್ಣೆಯಲ್ಲಿ ಮುಖ್ಯವಾದ ಸತ್ವವು ಥೈಮಾಲ್; ಇದು ಕರುಳಿನ ಕೆಟ್ಟ ಜಂತುಗಳಿಗೆ ಶತ್ರುವು. ೧೯೧೪ರ ಮಹಾಯುದ್ಧಕ್ಕೆ ಮುಂಚೆ ನಮ್ಮ ದೇಶದ ಅಜಿವಾನವು ಹಡಗಿನಲ್ಲಿ ಜರ್ಮನಿಗೆ ಹೋಗಿ ಥೈಮಾಲಾಗಿ ತಿರುಗಿ ಬಂದು ನಮಗೇ ಮಾರಾಟವಾಗುತ್ತಿತ್ತು. ಈಗ ಪರದೇಶದ ಕೋಳಿಮೇವಿನ ಸೇರ್ಪಡೆಯ ಡಬ್ಬಿಗಳಲ್ಲಿಯೂ ಅದೇ ಥೈಮಾಲು ಕಾಣುವದು. ಬಳ್ಳೊಳ್ಳಿಯ ಗುಣವೂ ಇಂಥದೇ, ಆದರೆ ಹೆಚ್ಚಾದರೆ ಮಾಂಸಕ್ಕೆ ವಾಸನೆ ಹತ್ತೀತು. ಫಾರ್ಮಿಕ್, ಬ್ಯುಟಿರಿಕ್ ಮೊದಲಾದ ಆಮ್ಲಗಳನ್ನು ಅಳತೆಯಿಂದ ಕೊಟ್ಟರೆ ಸಾಲ್ಮೊನೆಲ್ಲಾ ಜಂತುವಿಗೆ ಎಡೆ ಕಡಿಮೆಯಾಗುವದು. ಇವು ಕೈ ಸುಡುವ ಪದಾರ್ಥಗಳಾದ್ದರಿಂದ ಪಶುವೈದ್ಯರ ಸಲಹೆಯಿಲ್ಲದೆ ಮುಟ್ಟಬಾರದು. ಕಾಕಂಬಿಯಲ್ಲಿ ಬೆಳೆಸುವ ಯೀಸ್ಟಿನ ಕಣದ ಹೊರಗೋಡೆಯೂ ಕೆಟ್ಟ ಜಂತುಗಳನ್ನು ಕರುಳಿಗೆ ಅಂಟಗೊಡದೆ ಹೊರಸಾಗಿಸುವದು. ಸುತ್ತೆಲ್ಲ ಸಕ್ಕರೆ ಕಾರಖಾನೆಗಳಿರುವ ಈ ಭಾಗದಲ್ಲಿ ಇದರ ಉದ್ಯಮವನ್ನು ಯಾರಾದರೂ ಆಲೋಚಿಸಬಹುದಾಗಿದೆ.

ಒಳ್ಳೆಯ ಜಂತುಗಳನ್ನೇ ಕೊಟ್ಟು ಕೆಟ್ಟವನ್ನು ಓಡಿಸುವ ಉಪಾಯವು ಇನ್ನೂ ಸ್ವಾರಸ್ಯವಾದದ್ದು. ದೊಡ್ಡ ಕೋಳಿಯ ಕರುಳಿನ ಜಂತುಗಳನ್ನು ಮರಿಗಳಿಗೆ ಕೊಟ್ಟರೆ ಅವಕ್ಕೆ ಸಾಲ್ಮೊನೆಲ್ಲಾ ತಗಲದೆಂದು ಫಿನ್ಲಂಡದ ನುರ್ಮಿ ಮತ್ತು ರಂಟಾಲಾ ಎಂಬವರು ೧೯೭೩ರಲ್ಲಿ ತೋರಿಸಿದರು. ತಾಯಿಕೋಳಿಯ ಹಿಂದೆ ತಿಪ್ಪೆ ಕೆದರುವ ಜವಾರಿ ಮರಿಗೆ ಈ ಲಾಭವು ಸಹಜವಾಗಿ ಸಿಕ್ಕುವದು. ಯಂತ್ರದಲ್ಲಿ ಹುಟ್ಟಿ ತಾಯಿಯನ್ನೇ ಕಾಣದ ಬ್ರಾಯ್ಲರ್ ಮರಿಗೆ ಸಿಕ್ಕದು. ಮನೆಯ ತಾಜಾ ಮಜ್ಜಿಗೆಯನ್ನು ತಿಳಿಯಾಗಿ ಕುಡಿಸುವದು ಈ ದಾರಿಯಲ್ಲಿ ಒಂದು ಸಣ್ಣ ಹೆಜ್ಜೆ. ಜಸ್ತದ ಪಾತ್ರೆಯಲ್ಲಿ ಕೊಡಕೂಡದು, ಹುಳಿಗೆ ಜಸ್ತವು ಕರಗಿ ವಿಷವಾಗುವದು. ಮಣ್ಣಿನ ಅಥವಾ ಪ್ಲಾಸ್ಟಿಕಿನ ಪಾತ್ರೆ ಇರಲಿ, ಎರಡು ತಾಸಿನ ಬಳಿಕ ತೊಳೆದಿಡಲಿ. ಒಂದು ಕೈಯಿಂದ ಆಂಟಿಬಯೋಟಿಕ್, ಇನ್ನೊಂದು ಕೈಯಿಂದ ಇಂಥ ಒಳ್ಳೆಯ ಜಂತುಗಳನ್ನು ಕೊಡುವವರನ್ನು ನಾನು ಬಲ್ಲೆನು. ಬಿತ್ತಿದ ಮರುದಿವಸವೇ ಹರಗಿದಂತೆ ಅದು.

ಇಷ್ಟೆಲ್ಲ ಹೇಳಿದ ಮೇಲೆ ಒಂದು ಮಾತನ್ನು ಖಂಡಿತವಾಗಿ ಹೇಳಬೇಕಾಗಿದೆ. ‘ನೈಸರ್ಗಿಕ’ ಎಂಬ ಶಬ್ದದ ಮೇಲೆ ನನಗೆ ಕುರುಡು ಭಕ್ತಿಯಿಲ್ಲ. ಎಲೆಯ ಚಿತ್ರ ಅಂಟಿಸಿದ ಬಾಟಲಿಗಳನ್ನು ಚೀಲದಲ್ಲಿ ಹೊತ್ತು ಶೆಡ್ಡಿನಿಂದ ಶೆಡ್ಡಿಗೆ ತಿರುಗುವ ಮಾರಾಟಗಾರರು ಹೆಚ್ಚುತ್ತಿದ್ದಾರೆ. ಒಳಗೆ ಏನಿದೆ, ಎಷ್ಟಿದೆ ಎಂದು ಅಚ್ಚಾಗಿಲ್ಲದ ಬಾಟಲಿಯನ್ನು, ಅದು ವೇದಕಾಲದ್ದೆಂದು ಹೇಳಿದರೂ, ಹಿಂದಕ್ಕೆ ಕಳಿಸುವದೇ ಲೇಸು. ಶೆಡ್ಡಿನ ಹಾಸು ಹಸಿಯಾಗಿದ್ದರೆ ಅರಿಷಿಣವೂ ಅಜಿವಾನವೂ ಕೂಡಿ ಏನನ್ನೂ ಮಾಡಲಾರವು. ಹಾಸು ಕೈಯಲ್ಲಿ ಹಿಡಿದರೆ ಮುದ್ದೆಯಾಗದೆ ಉದುರಬೇಕು, ದಿನಾಲೂ ಕೆದರಬೇಕು, ಕಬ್ಬಿನ ಸಿಪ್ಪೆಯನ್ನು ಹಾಸುವವರು ಅದರ ಬೂಜನ್ನು ನೋಡಿ ಹಾಸಬೇಕು. ಮರಿಗಳಿಗೆ ಮೊದಲ ವಾರ ೩೫ ಡಿಗ್ರಿ ಸೆಂಟಿಗ್ರೇಡ್ ಕಾವು, ಆಮೇಲೆ ವಾರಕ್ಕೆ ಸುಮಾರು ೩ ಡಿಗ್ರಿ ಇಳಿಸುತ್ತ ಬರಬೇಕು. ಒಂದು ಕೋಳಿಗೆ ಒಂದು ಚದರ ಅಡಿಗೆ ಕಡಿಮೆ ಜಾಗ ಇರಕೂಡದು. ರಾಣಿಖೇತ, ಗಂಬೋರೊ ಎಂಬ ರೋಗಗಳಿಗೆ ಲಸಿಕೆಯೇ ಉಪಾಯ. ಇವು ವೈರಸ್ಸಿನಿಂದ ಬರುವವಾದ್ದರಿಂದ ಇವಕ್ಕೆ ಆಂಟಿಬಯೋಟಿಕ್ ಕೊಡುವದು ಹಣವನ್ನು ಹೊಳೆಗೆ ಸುರಿದಂತೆ. ಮಳೆಗಾಲದಲ್ಲಿ ರಕ್ತಭೇದಿಗೆ ಕಾರಣವಾಗುವ ಕಾಕ್ಸಿಡಿಯಾ ಎಂಬ ಜೀವಿಯನ್ನು ತಡೆಯುವ ಔಷಧವನ್ನು ಯುರೋಪಿನವರೂ ಬಿಟ್ಟಿಲ್ಲ. ನಮ್ಮವರು ಅದನ್ನು ಒಮ್ಮೆಲೆ ಬಿಡಲು ಹೋಗಬಾರದು. ನಿಜವಾಗಿ ರೋಗ ಬಂದರೆ ಪಶುವೈದ್ಯರನ್ನು ಕರೆತಂದು, ಅವರು ಹೇಳಿದ ಆಂಟಿಬಯೋಟಿಕನ್ನು ಹೇಳಿದಷ್ಟು ದಿವಸ ಪೂರ್ತಿ ಕೊಡಬೇಕು, ಮತ್ತು ಕೊನೆಯ ಔಷಧದಿಂದ ಮಾರಾಟದ ವರೆಗೆ ಬಿಡಬೇಕಾದ ದಿವಸಗಳನ್ನು ಎಣಿಸಬೇಕು. ಕೋಳಿಯನ್ನು ನರಳಗೊಟ್ಟು ಔಷಧವಿಲ್ಲದ ಮಾಂಸವೆಂದು ಹೆಮ್ಮೆಪಡುವದು ಧರ್ಮವೂ ಅಲ್ಲ, ವ್ಯಾಪಾರವೂ ಅಲ್ಲ.

ಕರಾರಿನ ಮೇಲೆ ಸಾಕುವವರ ಸ್ಥಿತಿಯು ಬೇರೆ. ಕಂಪನಿಯು ಮರಿ, ಮೇವು, ಔಷಧಗಳನ್ನು ತಂದಿಳಿ​ಸುವದು. ಒಕ್ಕಲಿಗನು ಶೆಡ್ಡು, ನೀರು, ವಿದ್ಯುತ್ತು, ದುಡಿತಗಳನ್ನು ಕೊಟ್ಟು ಕಿಲೋದ ಲೆಕ್ಕದಿಂದ ಕೂಲಿ ಪಡೆಯುವನು. ಮೇವಿನಲ್ಲಿ ಏನಿದೆಯೆಂಬದು ಅವನ ಕೈಯಲ್ಲಿಲ್ಲ. ತಾನಾಗಿ ಅರಿಷಿಣ ಬೆರೆಸಿದರೆ ಕರಾರಿಗೆ ತಪ್ಪಿದಂತಾಗಲೂಬಹುದು. ಇಂಥಲ್ಲಿ ಒಬ್ಬ ಬಡ ಸಾಕಣೆಗಾರನು ಕೇಳಿದರೆ ಉತ್ತರ ಸಿಕ್ಕದು. ಊರಿನ ಹಿರಿಯರೂ ಶೆಡ್ಡಿಗೆ ಭೂಮಿ ಕೊಟ್ಟ ಮಾಲಿಕರೂ ಕೂಡಿ ಕೇಳಿದರೆ ಸಿಕ್ಕೀತು. ಕೇಳತಕ್ಕದ್ದು ಇಷ್ಟೇ: ಮೇವಿನ ಚೀಲದ ಮೇಲೆ ಬೆರೆಸಿದ ಔಷಧದ ಹೆಸರನ್ನೂ ಪ್ರಮಾಣವನ್ನೂ ಕನ್ನಡದಲ್ಲಿ ಅಚ್ಚುಮಾಡಬೇಕು, ಮತ್ತು ಬೆಳವಣಿಗೆಗಾಗಿ ಆಂಟಿಬಯೋಟಿಕ್ ಹಾಕಿಲ್ಲವೆಂದು ಕರಾರಿನಲ್ಲಿ ಬರೆದುಕೊಡಬೇಕು. ಹಾಸನ್ನು ಗೊಬ್ಬರಕ್ಕೆ ಕೊಳ್ಳುವವರೂ ಇದೇ ಕಾಗದವನ್ನು ನೋಡಿ ಕೊಂಡರೆ ಆ ಕೇಳಿಕೆಗೆ ಬಲ ಬರುವದು. ಗೊಬ್ಬರಕ್ಕೆ ಗಿರಾಕಿಯಿಲ್ಲದ ಶೆಡ್ಡನ್ನು ಯಾರು ನಡೆಸಬಲ್ಲರು?

ಸ್ವಂತ ಮೇವಿನಿಂದ ಸಾಕುವವರು ಮಾತ್ರ ನನ್ನ ಮಾತನ್ನೂ ನಂಬಬೇಕಾಗಿಲ್ಲ. ಅರಿಷಿಣವನ್ನು ಕುದಿಸಿ ಒಣಗಿಸಿದ ಬಳಿಕ, ಬಿಸಿಲು ಬಲಿಯುವ ಮುಂಚೆ, ಒಂದು ತಂಡದ ಮರಿಗಳನ್ನು ಶೆಡ್ಡಿನ ನಡುವೆ ಜಾಳಿಗೆ ಕಟ್ಟಿ ಎರಡು ಸಮಭಾಗ ಮಾಡಲಿ. ಎರಡರ ಮೇವಿನಲ್ಲಿಯೂ ಆಂಟಿಬಯೋಟಿಕ್ ಬೇಡ. ಒಂದಕ್ಕೆ ಮಾತ್ರ ಅರಿಷಿಣ. ಲಸಿಕೆ, ನೀರು, ಬೆಳಕು, ಹಾಸು ಎಲ್ಲ ಒಂದೇ ತೆರನಾಗಿರಲಿ. ಶಾಲೆಯ ಹುಡುಗನ ಒಂದು ನೋಟಬುಕ್ಕಿನಲ್ಲಿ ದಿನಾಲೂ ಹಾಕಿದ ಮೇವು, ಸತ್ತ ಕೋಳಿಗಳ ಸಂಖ್ಯೆ, ವಾರಕ್ಕೊಮ್ಮೆ ಪ್ರತಿ ಭಾಗದಿಂದ ಹಿಡಿದ ಇಪ್ಪತ್ತು ಕೋಳಿಗಳ ತೂಕ, ಇವನ್ನು ಬರೆಯಿಸಲಿ. ಕೊನೆಗೆ ತಿಂದ ಮೇವನ್ನು ಮಾರಿದ ತೂಕದಿಂದ ಭಾಗಿಸಿದರೆ ಉತ್ತರವು ಬರುವದು. ಹಿಂದಿನ ತಂಡದ, ಔಷಧ ಬೆರೆಸಿದ ಮೇವಿನ ಲೆಕ್ಕವು ಮನೆಯಲ್ಲಿದ್ದರೆ ಅದನ್ನು ಮೂರನೆಯ ಸಾಲಿನಲ್ಲಿ ಬರೆದು ಹೋಲಿಸಲಿ. ಒಂದೇ ತಂಡದಿಂದ ನಿರ್ಣಯಕ್ಕೆ ಬಾರದೆ ಬೇಸಿಗೆಯಲ್ಲಿ ಒಮ್ಮೆ, ಮಳೆಗಾಲದಲ್ಲಿ ಇನ್ನೊಮ್ಮೆ ಇದೇ ರೀತಿ ಮಾಡಿ, ಮೂರೂ ತಂಡಗಳ ಲೆಕ್ಕವನ್ನು ಊರಿನ ಚಾವಡಿಯಲ್ಲಿ ಎಲ್ಲರೆದುರಿಗೆ ಓದಿಸಲಿ.